ಉಡಿ ತುಂಬಿದ ಹೊಂಗೆ

ಹೊನ್ನಾಳಿ
೧೨ ಏಪ್ರಿಲ್ ೧೯೮೭

ನನ್ನ ಯಜಮಾನರಿಗೆ ರುದ್ರಾಣಿಯ ಶರಣು.

ಇಲ್ಲಿ ನಾನು, ಹೊಳೆ, ದಂಡೆಯ ಗಿಡಗಳು ಎಲ್ಲರೂ ಕ್ಷೇಮ. ಜಗಳೂರಿನ ಬಿಸಿಲಿಗೆ, ನಮ್ಮ ಈ ದಂಡೆ ಕೆಲಸದ ಮೇಲಿನ ನಿಮ್ಮ ಸಿಟ್ಟು ಒಣಗಿತೋ ಇಲ್ಲವೋ ತಿಳಿಯದು. ಐದು ವರ್ಷದ ಹಿಂದೆ ಶಾಲೆ ಬದಲಿಸಿಕೊಂಡು ಹೊರಟ ದಿನ ಹೊಸ್ತಿಲಲ್ಲಿ ನಿಂತು, "ಆ ದಂಡೆ ಮ್ಯಾಲೆ ಕುಂದ್ರಾಕೆ ನೆಳ್ಳಾದ ದಿನ ಕಾಗದ ಹಾಕು, ಬರ್ತೀನಿ" ಅಂದಿದ್ದಿರಿ. ಹಾಕುತ್ತಿದ್ದೇನೆ. ನೆರಳಾಗಿದೆ.

ಮೊದಲ ವರ್ಷ ನೀವು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ ಬಿಡಿ. ಹೊಳೆದಂಡೆ ಚೊಕ್ಕಟ ಮಾಡುತ್ತೇವೆಂದು ನಾವು ಹೆಂಗಸರು ಲಕ್ಕಿಗಿಡ, ಹುಲ್ಲು, ಪೊದೆ ಎಲ್ಲವನ್ನೂ ಕಿತ್ತು, ಮನೆಯಂಗಳದ ಹಾಗೆ ಸಗಣಿ ಸಾರಿಸಿ ರಂಗೋಲಿ ಹಾಕಿದೆವು. ಮಳೆಗಾಲದಲ್ಲಿ ಹೊಳೆ ಬಂದು ರಂಗೋಲಿಯ ಜೊತೆಗೆ ಅರ್ಧ ದಂಡೆಯನ್ನೇ ಒಯ್ದಿತು. ಉಚ್ಚಂಗೆಮ್ಮ ಸೊಂಟನೋವೆಂದು ಗುಡಿಸದೆ ಬಿಟ್ಟಿದ್ದ ಮೂಲೆಯೊಂದೇ ಕುಸಿಯದೆ ನಿಂತಿತ್ತು. ಅವಳ ಸೋಮಾರಿತನವೇ ನಮಗೆ ಪಾಠವಾಯಿತು. ಮತ್ತೆ ಲಕ್ಕಿ ನೆಟ್ಟೆವು, ಹೊಳೆಮತ್ತಿ, ಹೊಂಗೆ ಹಾಕಿದೆವು. ಹೊಂಗೆ ಬೀಜವನ್ನು ದಾವಣಗೆರೆ ಬಸ್ಸಿನ ಕಂಡಕ್ಟರ್ ಪ್ರತಿ ಬೇಸಿಗೆ ಒಂದು ಚೀಲ ಇಳಿಸಿ ಹೋಗುತ್ತಿದ್ದ. ಯಾರು ಕೊಟ್ಟರೆಂದು ಕೇಳಿದರೆ ನಗುತ್ತಿದ್ದ. ಯಾರೋ ಪುಣ್ಯಾತ್ಮರು.

ಗಿಡ ಆಳೆತ್ತರ ಆಗುವ ಮೊದಲೇ ಒಲೆಗೆಂದು ಜನ ಕಡಿಯತೊಡಗಿದರು. ಬೈದೆವು, ಕಾವಲು ಕೂತೆವು, ಉಪಯೋಗವಾಗಲಿಲ್ಲ. ಕೊನೆಗೆ ದುರುಗಕ್ಕ, "ತವರಿಗೆ ಬಂದ ಮಗಳಿಗೆ ಉಡಿ ತುಂಬತೀವಲ್ಲ, ಇವಕ್ಕೂ ತುಂಬಾನ" ಅಂದಳು. ಮನೆಗೊಂದು ಗಿಡವೆಂದು ಹಂಚಿಕೊಂಡು, ಅರಿಶಿನ ಕುಂಕುಮ ಹಚ್ಚಿ, ಕುಪ್ಪಸದ ಕಣದ ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಇಟ್ಟು ಬುಡಕ್ಕೆ ಕಟ್ಟಿದೆವು. ಅಲ್ಲಿಂದ ಆಚೆಗೆ ಒಂದು ಟೊಂಗೆಯೂ ಮುರಿಯಲಿಲ್ಲ.

ಆದರೆ ಹೋದ ವಾರ ಎಲ್ಲ ಮುಗಿದೇ ಹೋಯಿತು ಅಂದುಕೊಂಡೆ. ಇಟ್ಟಿಗೆ ಭಟ್ಟಿಯ ಬಂಗಾರಪ್ಪ ದಂಡೆಯ ಮಣ್ಣಿನ ಗುತ್ತಿಗೆ ತನಗೆ ಸಿಕ್ಕಿದೆಯೆಂದು ಟ್ರ್ಯಾಕ್ಟರು, ಕೊಡಲಿ, ಆಳುಗಳೊಂದಿಗೆ ಬೆಳಿಗ್ಗೆಯೇ ಬಂದ. ನಾವು ಗಿಡಗಳ ಮುಂದೆ ನಿಂತೆವು. ಆಳುಗಳಲ್ಲಿ ಹಿರಿಯ ಚಿತ್ತಪ್ಪ ಬುಡದ ಕುಂಕುಮ ನೋಡಿದವನೇ ಕೊಡಲಿ ಕೆಳಗಿಟ್ಟು, "ಉಡಿ ತುಂಬಿದ ಹೆಣ್ಮಕ್ಳ ಮ್ಯಾಲೆ ಕೈ ಎತ್ತಾಕೆ ನನ್ನಿಂದ ಆಗಾಕಿಲ್ಲ ರೀ ಸಾವ್ಕಾರ್ರೆ" ಅಂದ. ಉಳಿದವರೂ ಇಟ್ಟರು. ಬಂಗಾರಪ್ಪ ಸಿಟ್ಟಿನಿಂದ ತಾನೇ ಕೊಡಲಿ ಎತ್ತಿಕೊಂಡು ಎದುರಿನ ಹೊಂಗೆಯ ಹತ್ತಿರ ಹೋದ. ಆಗ ಅವನ ಹೆಂಡತಿ ಕಸ್ತೂರಮ್ಮ ನಮ್ಮ ಸಾಲಿನಿಂದ ಮುಂದೆ ಬಂದು, "ಅದು ನಮ್ಮನೆ ಮಗಳು ರೀ. ಕಣ ನೋಡ್ರಿ, ನೀವೇ ತಂದಿದ್ದು" ಅಂದಳು. ಬಂಗಾರಪ್ಪ ಕಣವನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಅದೇ ಗಿಡದ ನೆರಳಲ್ಲಿ ಕುಳಿತು ಕುಡಿಯಲು ನೀರು ಕೇಳಿದ. ಟ್ರ್ಯಾಕ್ಟರುಗಳು ಖಾಲಿ ವಾಪಸ್ಸು ಹೋದವು. ಬರುವ ಮಳೆಗಾಲಕ್ಕೆ ಕೆಳದಂಡೆಗೂ ಗಿಡ ಹಾಕಿರಿ, ಗುಂಡಿ ತೋಡಲು ಆಳು ಕಳಿಸುತ್ತೇನೆಂದು ನಿನ್ನೆ ಹೇಳಿಕಳಿಸಿದ್ದಾನೆ.

ಗೆದ್ದೆವು. ಇದನ್ನು ಬರೆಯುವಾಗ ನನಗೆ ಎಷ್ಟು ಹಿಗ್ಗು ಅಂತ ನಿಮಗೆ ಹೇಗೆ ಹೇಳಲಿ. ಲಕ್ಕಿಯ ಪೊದೆಯಲ್ಲಿ ನೀರುನಾಯಿ ಮರಿ ಹಾಕಿದೆ. ಮಿಂಚುಳ್ಳಿಗಳಂತೂ ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ.

ನಮ್ಮ ಮನೆಯ ಗಿಡವೂ ಹೂವು ಬಿಟ್ಟಿದೆ. ಮಗಳನ್ನು ನೋಡಲು ಅಪ್ಪ ಬರಬೇಕು. ಶಾಲೆಗೆ ರಜೆ ಕೊಟ್ಟಿರುತ್ತಾರೆ, ನೆಪ ಹೇಳಬೇಡಿ.

ನಿಮ್ಮ ದಾರಿ ಕಾಯುವ,
ರುದ್ರಾಣಿ

ಮರೆತ ಮಾತು: ನೀವು ಹೊರಟಾಗ, ಅಂಗಿಗೆ ಗುಂಡಿ ಹೊಲಿದುಕೊಳ್ಳಲೆಂದು ಪೆಟ್ಟಿಗೆಯಲ್ಲಿ ನೀಲಿ ದಾರದ ಉಂಡೆ ಇಟ್ಟಿದ್ದೆ. ಹೊಂಗೆ ಬೀಜದ ಚೀಲಗಳ ಬಾಯಿ ಹೊಲಿದದ್ದು ಅದೇ ದಾರದಿಂದ. ಮೊದಲ ಚೀಲಕ್ಕೇ ಗೊತ್ತಾಗಿತ್ತು, ನೀವಾಗಿ ಹೇಳಲಿ ಎಂದು ಸುಮ್ಮನಿದ್ದೆ. ಬರುವಾಗ ಉಳಿದ ದಾರ ತನ್ನಿ. ಅಂಗಿಗಳಿಗೆ ಒಂದೂ ಗುಂಡಿ ಇರುವುದಿಲ್ಲ, ನನಗೆ ಗೊತ್ತು.