ಸಾಕ್ಷಿಗೆ ಪ್ರಮಾಣಪತ್ರ ಬೇಡ

ಆಂಟ್ವರ್ಪ್, ಫೆಬ್ರವರಿ ೩೦, ೨೧೯೧

ಮಾನ್ಯ ಸೇಸಮ್ಮನವರಿಗೆ,

ತಾರೀಖು ತಪ್ಪಲ್ಲ; ನಿಮ್ಮ ಕಾಲಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ, ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ಐದು ತಲೆಮಾರು ಇಲ್ಲೇ ಬೆಳೆದದ್ದು. ಕೆಲವು ಮಾತು ನಿಮಗೆ ಒರಟೆನಿಸಿದರೆ ಕ್ಷಮಿಸಿ.

ನಾನು ಆಸ್ಪತ್ರೆ ಕಾರ್ಮಿಕರ ಸಂಘದ ಸಾಕ್ಷಿ. ಬೇರೆ ದೇಶದಲ್ಲಿ ಕಲಿತು ಬಂದ ನರ್ಸುಗಳ ಕಾಗದವನ್ನು ಇಲ್ಲಿ ಮೊದಲು ಯಾರೂ ಕೇಳುವುದಿಲ್ಲ. ಅವರು ಸಾಕ್ಷಿಯ ಪಕ್ಕದಲ್ಲಿ ಮೂರು ಪಾಳಿ ದುಡಿಯಬೇಕು. ಇದಕ್ಕೆ ಜೋಡಿಪಾಳಿ ಎನ್ನುತ್ತೇವೆ. ಗಾಯ ಕಟ್ಟುತ್ತಾರೆ, ರೋಗಿಯ ಮಗ್ಗುಲು ಬದಲಿಸುತ್ತಾರೆ, ಮಾತ್ರೆ ಕಂಡರೆ ಮುಖ ತಿರುಗಿಸುವ ಮುದುಕರನ್ನು ಒಲಿಸುತ್ತಾರೆ. ಸಾಕ್ಷಿ ರುಜು ಹಾಕಿದರೆ ಆ ಅರ್ಹತೆ ಲಿಸ್ಬನ್ನಿನಿಂದ ರೀಗಾದವರೆಗೆ ನಡೆಯುತ್ತದೆ. ಮುಂದೆ ಅವರ ಕೈಯಲ್ಲಿ ತಪ್ಪಾದರೆ ವಿಚಾರಣೆಗೆ ಸಾಕ್ಷಿಯೂ ಹಾಜರಾಗಬೇಕು. ಹಾಗಾಗಿ ದಾಕ್ಷಿಣ್ಯಕ್ಕೆ ಯಾರೂ ರುಜು ಹಾಕುವುದಿಲ್ಲ. ಮಾಲ್ಟಾದಿಂದ ಬಂದ ಪಿಯೆತ್ರು ನಿನ್ನೆ ತನ್ನ ಮೂರನೆಯ ಪಾಳಿಯಲ್ಲಿ ನನಗೇ ಗದರಿದ: "ಅಕ್ಕಾ, ಬೆಳಗ್ಗಿಂದ ನುಂಗೋ ಹಾಗೆ ನೋಡ್ತಿದ್ದೀರಿ. ಆ ದಿಂಬಾದ್ರೂ ಹಿಡೀರಿ!" ಹಿಡಿದೆ. ಸಂಜೆ ರುಜುವನ್ನೂ ಹಾಕಿದೆ.

ಇನ್ನು ನಿಮ್ಮ ಗುರುವಾರದ ವಿಷಯ. ಪುತ್ತೂರಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದ ನೀವು ಈಗ ಇಲ್ಲಿ ಆಯಾ. ಸಂಘ ನಿಮ್ಮನ್ನು ಬ್ರಸೆಲ್ಸ್ ಸಭೆಗೆ ಕಳಿಸುತ್ತಿದೆ. ಅಲ್ಲಿ ಮಾಲೀಕರ ಕಡೆಯವರು ಒಂದು ರಾಜಿ ಮುಂದಿಡುತ್ತಾರೆ: ಅರ್ಹತೆ ತೀರ್ಮಾನಿಸುವ ಮಂಡಳಿಯಲ್ಲಿ ಸಂಘ ತನ್ನ ಜಾಗ ಬಿಟ್ಟುಕೊಟ್ಟರೆ, ನಿಮ್ಮೊಡನೆ ಬಂದ ನಲವತ್ತೂ ಜನರಿಗೆ ಕೂಡಲೇ ನರ್ಸ್ ಮಾನ್ಯತೆ. ನೀವು ಒಪ್ಪುವುದಿಲ್ಲ; ಮುಂದೆ ಬರುವವರ ಅರ್ಹತೆ ಮಾಲೀಕರ ಕೈಗೇ ಹೋಗುತ್ತದೆ, ಕಾಗದ ನೋಡಿದರೆ ಸಾಲದು, ಜೊತೆಗೆ ದುಡಿದು ನೋಡಬೇಕು ಎನ್ನುತ್ತೀರಿ. ಸಭೆಯ ನಡಾವಳಿ ನನ್ನ ಮುಂದಿದೆ. ಇದರ ಬೆಲೆಯನ್ನೂ ಹೇಳಿಬಿಡುತ್ತೇನೆ. ಜೋಡಿಪಾಳಿ ಶುರುವಾಗಲು ಆರು ವರ್ಷ ಹಿಡಿಯುತ್ತದೆ. ಅಷ್ಟೂ ದಿನ ನೀವು ಆಯಾ ಆಗಿಯೇ ಇರುತ್ತೀರಿ, ಆ ನಲವತ್ತರಲ್ಲಿ ಹಲವರು ನಿಮ್ಮೊಡನೆ ಮಾತು ಬಿಡುತ್ತಾರೆ. ಆದರೂ ನೀವು ಮಾಡಿದ್ದು ಸರಿ. ಅದರಲ್ಲಿ ನನಗೆ ಸಂಶಯವಿಲ್ಲ.

ನನ್ನ ತಕರಾರು ಬೇರೆ. ಅಂದು ಮಧ್ಯಾಹ್ನ ನಿಯಮಗಳ ಕರಡು ಬರೆಯುವಾಗ, ಸಂಘದವರಿಗೆ ಏನು ಗೊತ್ತು ಎಂದು ಯಾರೂ ಆಡಿಕೊಳ್ಳಬಾರದೆಂದು, ಸಾಕ್ಷಿಯ ಬಳಿ ಈ ದೇಶದ ಪ್ರಮಾಣಪತ್ರ ಇರಲೇಬೇಕೆಂದು ನೀವೇ ಸೇರಿಸುತ್ತೀರಿ. ಕಾಗದ ಸಾಲದೆಂದು ಬೆಳಗ್ಗೆಯೆಲ್ಲ ವಾದಿಸಿದವರು ನೀವೇ. ಆರು ವರ್ಷದ ನಂತರ ಮೊದಲ ಸಾಕ್ಷಿಯಾಗಲು ನೀವು ಅರ್ಜಿ ಕೊಟ್ಟಾಗ ನಮ್ಮ ಸಂಘದ ಗುಮಾಸ್ತರೇ ಅದನ್ನು ಹಿಂದಿರುಗಿಸಿದರು: "ಏನ್ಮಾಡೋದು ಸೇಸಮ್ಮ, ನಿಯಮ ನಿಮ್ಮದೇ ಅಲ್ವಾ?" ಸಾಕ್ಷಿಗಳೆಲ್ಲ ಇಲ್ಲಿಯೇ ಕಲಿತವರಾದರು. ಗಾಯದ ಪಟ್ಟಿಯನ್ನು ತಮ್ಮಂತೆ ಸುತ್ತದ ಕೈಗಳನ್ನೆಲ್ಲ ಅವರು ಫೇಲು ಮಾಡಿದರು. ಆ ಸಾಲನ್ನು ತೆಗೆಸಲು ನಮಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ನನ್ನ ಬಳಿ ಪ್ರಮಾಣಪತ್ರವಿಲ್ಲ. ಹದಿನೇಳು ವರ್ಷ ವಾರ್ಡಿನಲ್ಲಿ ದುಡಿದ ಕೈ ಇದೆ. ಈವರೆಗೆ ಇನ್ನೂರಕ್ಕೂ ಹೆಚ್ಚು ರುಜು ಹಾಕಿದ್ದೇನೆ, ವಿಚಾರಣೆಗೆ ಒಮ್ಮೆಯೂ ಕರೆ ಬಂದಿಲ್ಲ.

ಗುರುವಾರ ಆ ಒಂದು ಸಾಲು ಬರೆಯಬೇಡಿ. ಸಾಕ್ಷಿಗಳ ರಿಜಿಸ್ಟರಿನ ಮೊದಲ ಪುಟದಲ್ಲಿ ನಿಮ್ಮ ಹೆಸರಿರಲಿ.

ಇಂತಿ,
ಲೋಲಾಕ್ಷಿ ಪೀಟರ್ಸ್