ಕೂಡಿದರೆ ಎಂಟು

೨೩ ಸೆಪ್ಟೆಂಬರ್ ೧೯೮೪, ಭಾನುವಾರ. ಕಾರಿನ ವಿಷಯದಲ್ಲಿ ನನ್ನ ತೀರ್ಮಾನವನ್ನು ಬರೆದಿಡುವುದಷ್ಟೇ ಈ ಪುಟದ ಉದ್ದೇಶ.

ಮೂರು ವಾರ ಅಲೆದು, ಜಯನಗರದ ವೈದ್ಯರೊಬ್ಬರ ಹಳೆಯ ಫಿಯೆಟ್ಟನ್ನು ಆರಿಸಿದ್ದೆ. ಒಬ್ಬರೇ ಓಡಿಸಿದ ಗಾಡಿ; ಎಂಜಿನ್ನಿನಲ್ಲಿ ದೋಷವಿಲ್ಲ. ನನ್ನ ಸಂಬಳದ ಮೇಲೆ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು. ಇಂದು ನೋಡಲು ಬಂದ ಅಪ್ಪ ಬಾನೆಟ್ ಎತ್ತಲೇ ಇಲ್ಲ. ನಂಬರ್ ಪ್ಲೇಟಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಬೆರಳು ಮಡಿಸಿದರು.

"ಕೂಡಿದ್ರೆ ಎಂಟು ಬರ್ತದೆ ಕಣಮ್ಮ. ಶನಿ ನಂಬರು. ಬ್ಯಾಡ."

ಸೋದರಮಾವ ಬೈರಣ್ಣ ಮಡಿವಾಳದಲ್ಲಿ ಆಗಲೇ ಒಂದು ಅಂಬಾಸಿಡರ್ ನೋಡಿಟ್ಟಿದ್ದರು. ಅದರ ನಂಬರಿನ ಮೊತ್ತ ಆರು. ಸಂಜೆ ಅಲ್ಲಿಗೆ ಹೋದೆವು. ಹೊಸ ಬಣ್ಣದ ಅಡಿಯಲ್ಲಿ ತುಕ್ಕು. ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ.

"ಮಾವ, ಎಂಜಿನ್ ಆಯಿಲ್ ಕುಡೀತಿದೆ" ಎಂದೆ.

"ಗೋಲ್ಡ್ ಮೆಡಲ್ ತಗೊಂಡೋಳು ಮೆಕ್ಯಾನಿಕ್ಕೂ ಆಗ್ಬುಟ್ಯಾ? ನಂಬರ್ ನೋಡವ್ವ, ಎಷ್ಟು ಚೆಂದಾಗೈತೆ!"

ಅಪ್ಪನೂ ನಕ್ಕರು. ಗಣಿತದಲ್ಲಿ ನನಗೆ ನೂರಕ್ಕೆ ನೂರು ಬಂದಾಗ ನಮ್ಮೂರು ಚಿಕ್ಕಲಸಂದ್ರಕ್ಕೆಲ್ಲ ಹೇಳಿಕೊಂಡು ಬಂದವರು ಅವರೇ. ಆ ನಗು ಇನ್ನೂ ಕಿವಿಯಲ್ಲಿದೆ. ಮತ್ತೆ ವಾದಿಸುವಷ್ಟು ತ್ರಾಣ ನನ್ನಲ್ಲಿಲ್ಲ.

ನಾಳೆ ಹತ್ತೂವರೆಗೆ ಬ್ಯಾಂಕಿಗೆ ಬಂದು ಅಂಬಾಸಿಡರಿನ ಸಾಲಕ್ಕೆ ಸಹಿ ಮಾಡಬೇಕೆಂದು ಹೇಳಿ ಅಪ್ಪ ಮಲಗಿದ್ದಾರೆ.

ನಾನು ಸಹಿ ಮಾಡುವುದಿಲ್ಲ.