ಕುರಿಹಟ್ಟಿಯ ಜಾಲಿ ಬೀಜ

ಚಿಗಟೇರಿ,
೨೦ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಚಂದನಾಳ ಅಪ್ಪನಿಗೆ,

ಹೇಗಿದ್ದೀರಿ? ಕಾಲಿಗೆ ಚುಚ್ಚಿದ ಮುಳ್ಳು ಪೂರ್ತಿ ಹೊರಗೆ ಬಂತೋ, ಇಲ್ಲಾ ತುದಿಯನ್ನು ಒಳಗೇ ಇಟ್ಟುಕೊಂಡು ಕುಂಟುತ್ತಾ ಹಿಂಡಿನ ಹಿಂದೆ ಅಡ್ಡಾಡುತ್ತಿದ್ದೀರೋ? ಕರಿ ಕಿವಿಯ ಕುರಿಯ ಗೊರಸಿನ ಹುಣ್ಣು ಮಾಯಿತೇ? ಮಾಗಳದ ಹೊಳೆ ದಂಡೆಯಲ್ಲಿ ನೀರಿಗೆ ಕೊರತೆ ಇರಲಿಕ್ಕಿಲ್ಲ. ಕಾಸಿ ಕುಡಿಯಿರಿ ಎಂದರೆ ನಗುತ್ತೀರಿ. ನಗಿರಿ, ಕಾಸಿ ಕುಡಿದು ನಗಿರಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆಗೆ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಚಂದನಾ ಒಂದನೇ ತರಗತಿ ಮುಗಿಸಿದಳು. ಈ ಕಾಗದವನ್ನು ನಿಮ್ಮ ತಮ್ಮ ಶಿವಯೋಗಿ ತರುವ ಜೋಳದ ಹಿಟ್ಟಿನ ಚೀಲದಲ್ಲಿ ಇಟ್ಟಿದ್ದೇನೆ. ಫೋನು ಇರುವಾಗ ಕಾಗದ ಯಾಕೆ ಅನ್ನಬೇಡಿ. ಫೋನಿನಲ್ಲಿ ನೀವು ‘ಆತು, ಆತು, ಇಡ್ತೀನಿ’ ಅನ್ನುತ್ತೀರಿ. ನನ್ನ ಹತ್ತಿರ ಈಗ ದೊಡ್ಡ ಸುದ್ದಿ ಇದೆ, ಅರ್ಧಕ್ಕೆ ಕತ್ತರಿಸಿಕೊಳ್ಳಲು ನಾನು ತಯಾರಿಲ್ಲ.

ಜನವರಿಯಲ್ಲಿ ನಾನು ಊರಾಚೆಯ ಅರಣ್ಯ ಇಲಾಖೆಯ ಸಸಿತೋಟದ ಕೆಲಸಕ್ಕೆ ಸೇರಿದಾಗ ನೀವು ಏನು ಅಂದಿರಿ, ನೆನಪಿದೆಯಾ? ‘ಗಿಡದೋರಿಗೂ ಕುರಿಯೋರಿಗೂ ಯಾವಾಗ ಕೂಡಿ ಬಂದೈತಿ?’ ಅಂದಿರಿ. ಮಾತು ಸುಳ್ಳೇನಲ್ಲ. ಅವರು ಹಚ್ಚುತ್ತಾರೆ, ನಮ್ಮ ಕುರಿ ಮೇಯುತ್ತವೆ, ಅವರು ಕೋಲು ಹಿಡಿದು ಓಡಿಸುತ್ತಾರೆ. ಅದಕ್ಕೇ ಈ ಮಳೆಗಾಲದಲ್ಲಿ ನಮ್ಮ ಗೋಮಾಳಕ್ಕೆ ಸೀಮೆತಂಗಡಿ ಹಚ್ಚಬೇಕೆಂದು ತೋಟದ ಮೇಲ್ವಿಚಾರಕ ಗುರುಸಂಗಪ್ಪನವರು ಮೊದಲೇ ಗೊತ್ತು ಮಾಡಿದ್ದರು. ಆ ಗಿಡವನ್ನು ಕುರಿ ಮೂಸಿಯೂ ನೋಡುವುದಿಲ್ಲವಲ್ಲ, ಅವರಿಗೆ ಅದೇ ಸಲೀಸು. ಕೇಳಿ ನನಗೆ ಹೊಟ್ಟೆ ಉರಿಯಿತು. ನೀವು ಪ್ರತಿ ವರ್ಷ ಐದು ತಿಂಗಳು ಹೊಳೆ ಕಡೆಗೆ ಹೋಗುವುದು ಯಾತಕ್ಕೆ? ಬೇಸಿಗೆಯಲ್ಲಿ ನಮ್ಮ ಗೋಮಾಳದಲ್ಲಿ ಕುರಿಯ ಬಾಯಿಗೆ ಏನೂ ಸಿಗುವುದಿಲ್ಲ ಅಂತ ತಾನೇ? ಅಲ್ಲಿ ಜಾಲಿ ಇದ್ದರೆ ಬಿಸಿಲು ಏರಿದಷ್ಟೂ ಕಾಯಿ ಉದುರುತ್ತದೆ, ಕುರಿ ಊರಲ್ಲೇ ಬದುಕುತ್ತವೆ, ನೀವೂ ಊರಲ್ಲೇ ಇರುತ್ತೀರಿ. ತೋಟದ ಕೆಲಸದವರೆಲ್ಲರ ಎದುರು ಎದ್ದು ನಿಂತು ಕೇಳಿಯೇಬಿಟ್ಟೆ, ‘ಸಾರ್, ಜಾಲಿ ಹಚ್ರಿ.’ ಅವರು ಕನ್ನಡಕದ ಮೇಲಿಂದ ನೋಡಿದರು. ‘ಏಪ್ರಿಲ್ ಹದಿನೈದರೊಳಗ ಸಾವಿರ ಚೀಲದಾಗ ಜಾಲಿ ಎಬ್ಬಿಸಿ ತೋರಿಸವ್ವಾ. ಎದ್ರ ಜಾಲಿ, ಇಲ್ಲಂದ್ರ ಸೀಮೆತಂಗಡಿ’ ಅಂದರು.

ಅದೇನು ಮಹಾ, ಬೀಜ ಊರಿದರೆ ಏಳುತ್ತದೆ ಎಂದುಕೊಂಡೆ. ಅವರು ಕೊಟ್ಟ ಬೀಜವನ್ನು ಫೆಬ್ರವರಿಯಲ್ಲಿ ಮಣ್ಣು ತುಂಬಿದ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಎರಡೆರಡು ಊರಿ, ಮೂರು ವಾರ ನೀರು ಹಾಕಿದೆ. ಹುಲ್ಲು ಎದ್ದಿತು, ಜಾಲಿ ಏಳಲಿಲ್ಲ. ಕೆದಕಿ ನೋಡಿದರೆ ಬೀಜ ಊರಿದ ದಿನ ಹೇಗಿತ್ತೋ ಹಾಗೇ ಇತ್ತು, ಹರಳಿನಷ್ಟು ಗಟ್ಟಿ. ಸಿಪ್ಪೆ ಅಷ್ಟು ಬಿಗಿ ಇದ್ದರೆ ನೀರು ಒಳಗೆ ಹೋಗುವುದಿಲ್ಲ, ಕುದ್ದ ನೀರನ್ನು ಸುರಿದು ಆರಲು ಬಿಡಬೇಕು ಎಂದು ಗುರುಸಂಗಪ್ಪನವರು ಹೇಳಿಕೊಟ್ಟರು. ನಾನು ಏನು ಮಾಡಿದೆ ಗೊತ್ತಾ? ಸುರಿಯುವುದಕ್ಕಿಂತ ಬೀಜವನ್ನೇ ನೀರಿಗೆ ಹಾಕಿ ಚೆನ್ನಾಗಿ ಕುದಿಸಿದರೆ ಇನ್ನೂ ಬೇಗ ಮೆತ್ತಗಾಗುತ್ತದೆ ಎಂದು ಒಲೆಯ ಮೇಲಿಟ್ಟೆ. ಬಂಗಾರದಂಥ ಬೀಜ ಹುರುಳಿಕಾಳಿನ ಹಾಗೆ ಬೆಂದು ಹೋಯಿತು. ಅತ್ತೆ ಪಾತ್ರೆಗೆ ಇಣುಕಿ, ‘ಇದಕ್ಕ ಉಪ್ಪು ಖಾರ ಹಾಕೀಯೇನ, ಇಲ್ಲಾ ಸಪ್ಪನ್ನದು ಬಡಸ್ತೀಯೇನ?’ ಅಂದರು. ನಗು ಬಂತು, ಅಳುವೂ ಬಂತು. ಉಳಿದದ್ದು ಒಂದು ಹಿಡಿ ಬೀಜ. ಮಾರ್ಚ್ ಅರ್ಧ ಕಳೆದಿತ್ತು. ಗುರುಸಂಗಪ್ಪನವರು ಬೈಯಲಿಲ್ಲ, ಸೀಮೆತಂಗಡಿ ಬೀಜದ ಗಂಟು ತರಿಸಿ ನನ್ನ ಕಣ್ಣೆದುರಿಗೇ ಇಡಿಸಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಗ್ಗೆ ಹಟ್ಟಿ ಗುಡಿಸುತ್ತಿದ್ದೆ. ಮನೆಯಲ್ಲಿ ಉಳಿದ ಆಡುಗಳಿಗೂ ಮುದಿ ಕುರಿಗಳಿಗೂ ಅತ್ತೆ ಸಂಜೆ ಹೊತ್ತು ಕೂಡಿಟ್ಟ ಜಾಲಿಕಾಯಿ ಹಾಕುತ್ತಾರಲ್ಲ, ಅವು ಮಲಗಿ ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತವೆ. ಹಿಕ್ಕಿಯ ಜೊತೆ ಬೀಜವೂ ನೆಲದ ತುಂಬ ಬಿದ್ದಿತ್ತು. ದಿನಾ ಗುಡಿಸಿ ತಿಪ್ಪೆಗೆ ಹಾಕುವ ಕಸ ಅದು. ಪೊರಕೆ ಹಿಡಿದು ಹಾಗೇ ನಿಂತುಬಿಟ್ಟೆ. ಮಳೆ ಬಿದ್ದ ವಾರಕ್ಕೆ ನಮ್ಮ ತಿಪ್ಪೆಯ ಮೇಲೆ ಜಾಲಿ ಏಳುವುದು, ಮುಳ್ಳು ಬಲಿಯುವ ಮೊದಲು ಕಿತ್ತು ಹಾಕು ಎಂದು ಅತ್ತೆ ನನ್ನನ್ನು ಪ್ರತಿ ವರ್ಷ ಬೈಯುವುದು ನೆನಪಾಯಿತು! ಗುರುಸಂಗಪ್ಪನವರು ಕೊಟ್ಟ ಬೀಜದಲ್ಲಿ ಹತ್ತು, ಹಟ್ಟಿಯ ಬೀಜದಲ್ಲಿ ಹತ್ತು, ಎರಡು ಬಟ್ಟಲಲ್ಲಿ ನೆನೆಯಿಟ್ಟೆ. ಮರುದಿನಕ್ಕೆ ಮೊದಲ ಬಟ್ಟಲಿನವು ಇದ್ದ ಹಾಗೇ ಇದ್ದವು. ಹಟ್ಟಿಯವು ನೀರು ಕುಡಿದು ಎರಡರಷ್ಟು ಉಬ್ಬಿದ್ದವು. ಕುರಿಯ ಹೊಟ್ಟೆ ಸಿಪ್ಪೆಯ ಬಿಗಿ ಬಿಡಿಸಿ, ಒಳಗಿನ ಜೀವಕ್ಕೆ ಏನೂ ಮಾಡದೆ ಬಿಟ್ಟಿತ್ತು. ಒಲೆ ಹಚ್ಚಿ ನಾನು ಮಾಡಲಾರದ ಕೆಲಸವನ್ನು ನಮ್ಮ ಕುರಿ ಮಲಗಿದಲ್ಲೇ ಮಾಡಿದ್ದವು.

ಎಂಟು ದಿನ ನಾನೂ ಅತ್ತೆಯೂ ಹಟ್ಟಿಯಲ್ಲಿ ಕೂತು ಬೀಜ ಆರಿಸಿದೆವು. ಬುಟ್ಟಿ ಹೊತ್ತು ತೋಟಕ್ಕೆ ಹೋದರೆ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡರು. ಜೊತೆಯ ಕರಿಯಕ್ಕ, ‘ಹಿಕ್ಕಿ ಆರಸಾಕ ಪಗಾರ ತಗಂತೀಯೇನಲೇ ರೋಜಾ?’ ಅಂದಳು. ನಗಲಿ ಬಿಡು ಎಂದು ಸಾವಿರ ಚೀಲಕ್ಕೂ ಹೊಸದಾಗಿ ಊರಿದೆ. ಒಂಬತ್ತನೇ ದಿನ ಮಣ್ಣು ಸಣ್ಣಗೆ ಬಿರುಕು ಬಿಟ್ಟಿತು. ಮೊದಲು ಎದ್ದದ್ದು ತಲೆಯಲ್ಲ, ಬಾಗಿದ ಬೆನ್ನು. ತಲೆ ಇನ್ನೂ ಮಣ್ಣಲ್ಲಿ, ಬೆನ್ನು ಮೇಲೆ. ಮರುದಿನ ನೆಟ್ಟಗಾಗಿ ಎರಡು ದಪ್ಪ ಎಲೆ ಬಿಚ್ಚಿತು, ಆಮೇಲೆ ನಡುವಿನಿಂದ ಬಾಚಣಿಗೆಯ ಹಲ್ಲಿನಂಥ ಸಣ್ಣ ಎಲೆ. ತಡೆಯಲಾರದೆ ಒಂದನ್ನು ಮಣ್ಣು ಸಮೇತ ಬಿಚ್ಚಿ ನೋಡಿದೆ. ಮೇಲೆ ಒಂದು ಬೆರಳು, ಕೆಳಗೆ ಬೇರು ಒಂದು ಗೇಣು! ಎಲೆ ತೋರಿಸುವ ಮೊದಲೇ ಅದು ನೀರು ಹುಡುಕಿಕೊಂಡು ಹೋಗಿತ್ತು. ನಮ್ಮ ಸೀಮೆಯ ಗಿಡ ಅಂದರೆ ಹೀಗಿರಬೇಕು ನೋಡಿ.

ಏಪ್ರಿಲ್ ಹದಿನೈದಕ್ಕೆ ಗುರುಸಂಗಪ್ಪನವರು ಸಾಲು ಸಾಲು ಎಣಿಸಿದರು. ನೂರಕ್ಕೆ ಎಂಬತ್ತು ಚೀಲದಲ್ಲಿ ಒಂದಾದರೂ ಎದ್ದಿತ್ತು, ಕೆಲವದರಲ್ಲಿ ಎರಡೆರಡು. ಜೋಡಿ ಎದ್ದದ್ದನ್ನು ಬಿಡಿಸಿ ಖಾಲಿ ಚೀಲಕ್ಕೆ ಹಾಕಿದರೆ ಸಾವಿರಕ್ಕೆ ಸಾವಿರ. ‘ಪುಸ್ತಕದಾಗ ಓದಿದ್ದೆ, ಕಣ್ಣಾರ ನೋಡಿರಲಿಲ್ಲ. ನಿಮ್ಮ ಹಟ್ಟಿ ಬೀಜ ಇನ್ನೂ ಇದ್ರ ತರ್ರಿ’ ಅಂದರು. ತರ್ರಿ ಅಂದರು ರೀ, ತಾ ಅನ್ನಲಿಲ್ಲ! ಸೀಮೆತಂಗಡಿಯ ಗಂಟು ವಾಪಸ್ಸು ಹೋಯಿತು. ಕರಿಯಕ್ಕ ಈಗ ತನ್ನ ತವರಿನ ಹಟ್ಟಿಯಿಂದ ಬುಟ್ಟಿ ಹೊತ್ತು ತರುತ್ತಿದ್ದಾಳೆ. ಅತ್ತೆ ಬಂದವರಿಗೆಲ್ಲ ‘ನಮ್ಮ ಕುರಿ ಹಚ್ಚಿದ ಗಿಡ’ ಅಂತ ಹೇಳುತ್ತಾರೆ, ನನ್ನ ಹೆಸರೇ ಎತ್ತುವುದಿಲ್ಲ. ಎತ್ತದಿದ್ದರೆ ಬೇಡ. ನನಗಂತೂ ದಿನಕ್ಕೆರಡು ಸಲ ಆ ಸಾಲುಗಳ ನಡುವೆ ನಡೆದರೆ ಎದೆ ತುಂಬಿ ಬರುತ್ತದೆ. ಹೆಮ್ಮೆ ಅಂದರೆ ಹೆಮ್ಮೆಯೇ, ನಾಚಿಕೆ ಯಾಕೆ?

ಹಿಟ್ಟಿನ ಜೊತೆ ಶೇಂಗಾ ಚಟ್ನಿ ಇದೆ, ಎಲ್ಲರಿಗೂ ಹಂಚಿ ನೀವು ಖಾಲಿ ಕೈಯಲ್ಲಿ ಕೂರಬೇಡಿ. ಅತ್ತೆ ಹರಸಿದ್ದಾರೆ, ಚಂದನಾ ಮುತ್ತು ಕಳಿಸಿದ್ದಾಳೆ. ಮೈಲಾರಲಿಂಗಪ್ಪ ನಿಮ್ಮನ್ನೂ ಹಿಂಡನ್ನೂ ಕಾಯಲಿ.

ಎಂದೂ ನಿಮ್ಮವಳು,
ರೋಜಾ

ಮರೆತೆ ಅನ್ನುವಂತಿಲ್ಲ, ಬರೆಯಲು ಅಂಜಿದೆ. ಶಿವಯೋಗಿ ಬೈಕು ಚಾಲೂ ಮಾಡಿದ್ದಾನೆ, ಬೇಗ ಹೇಳುತ್ತೇನೆ. ಜಾಲಿ ಕುರಿಗೆ ರುಚಿ, ಎಳೆಯ ಸಸಿಯನ್ನು ಒಂದೇ ದಿನದಲ್ಲಿ ಬೋಳಿಸುತ್ತವೆ. ನಿನ್ನೆ ಗುರುಸಂಗಪ್ಪನವರು ಕುರಿ ಸಾಕುವ ಮನೆಯವರನ್ನು ಕೂಡಿಸಿ, ಮೂರು ವರ್ಷ ಗೋಮಾಳಕ್ಕೆ ಹಿಂಡು ಬಿಡುವುದಿಲ್ಲ ಎಂದು ಕುರಿಯವರೆಲ್ಲ ಬರೆದುಕೊಟ್ಟರೆ ಮಾತ್ರ ಹಚ್ಚುತ್ತೇವೆ ಎಂದರು. ನಾನು ಮೊದಲ ಸಾಲಿನಲ್ಲಿ ‘ಕಾಂತೇಶ್’ ಎಂದು ನಿಮ್ಮ ಹೆಸರು ಬರೆದು, ಮುಂದೆ ನನ್ನ ಸಹಿ ಹಾಕಿದೆ. ಆಮೇಲೆ ಹನ್ನೊಂದು ಮನೆಯವರು ಹಾಕಿದರು. ನಿಮ್ಮನ್ನು ಕೇಳಲಿಲ್ಲ. ಇನ್ನು ಮೂರು ವರ್ಷ ಮಳೆಗಾಲಕ್ಕೂ ಹಿಂಡು ಊರಿಗೆ ಬರುವಂತಿಲ್ಲ, ಅಂದರೆ ನೀವೂ ಬರುವಂತಿಲ್ಲ. ನನ್ನ ಕೈಯಾರೆ ನಿಮ್ಮನ್ನು ಇನ್ನಷ್ಟು ದೂರ ಮಾಡಿಕೊಂಡಿದ್ದೇನೆ, ನಿನ್ನೆಯಿಂದ ಅಳುತ್ತಲೂ ಇದ್ದೇನೆ. ಐದಾರು ವರ್ಷಕ್ಕೆ ಆ ಗಿಡ ಕಾಯಿ ಬಿಡುತ್ತದೆ. ಚಂದನಾ ಏಳನೇ ತರಗತಿಗೆ ಬರುವ ಬೇಸಿಗೆಯಲ್ಲಿ ನೀವು ಮನೆಯಲ್ಲಿರಬೇಕು. ಬೈಯುವುದಿದ್ದರೆ ಬೈಯಿರಿ, ಸಹಿ ಅಳಿಸುವುದಿಲ್ಲ.